ಒಂದೇ ಟೀಮ್, ಹಲವು ಹದ: ಲೀಡರ್ ಆದವರು ತಮ್ಮ ಶೈಲಿ ಬದಲಿಸಿಕೊಳ್ಳುವುದು ಹೇಗೆ?

ಏಪ್ರಿಲ್ ಬಂತೆಂದರೆ ಅನೇಕ ಆಫೀಸುಗಳಲ್ಲಿ ಬಡ್ತಿಯ ಪತ್ರಗಳು ಕೈಸೇರುತ್ತವೆ. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತು ತಮ್ಮ ಪಾಲಿನ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದವರು ಇವತ್ತಿನಿಂದ ಟೀಮ್ ಲೀಡ್. ಕೆಲಸ ಚೆನ್ನಾಗಿ ಮಾಡುತ್ತಿದ್ದರು ಅನ್ನುವ ಕಾರಣಕ್ಕೇ ಆ ಜಾಗ ಸಿಕ್ಕಿರುತ್ತದೆ. ಆದರೆ ಕೆಲಸ ಮಾಡುವುದೇ ಬೇರೆ, ಮಾಡಿಸುವುದೇ ಬೇರೆ. ಎರಡನೆಯದನ್ನು ಹೆಚ್ಚಿನವರಿಗೆ ಯಾರೂ ಕಲಿಸಿರುವುದಿಲ್ಲ.

ನನಗೂ ಹಾಗೇ ಆಯಿತು. ತುಮಕೂರಿನ ಒಂದು ಆಫೀಸಿನ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಐದು ಜನರ ಟೀಮ್ ನನ್ನ ಕೈಗೆ ಬಂತು. ಎಲ್ಲರನ್ನೂ ಒಂದೇ ಥರ ನೋಡಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹಾಗಾಗಿ ಎಲ್ಲರಿಗೂ ಒಂದೇ ನಿಯಮ ಮಾಡಿದೆ. ದಿನಾ ಸಂಜೆ 5 ಗಂಟೆಗೆ ಅವತ್ತು ಏನೇನು ಮಾಡಿದಿರಿ ಅಂತ ಮೆಸೇಜ್ ಹಾಕಬೇಕು. ಬಿ.ಕಾಂ ಮುಗಿಸಿ ಎರಡು ತಿಂಗಳ ಹಿಂದೆ ಸೇರಿದ್ದ ಹುಡುಗಿಗೂ ಅದೇ. ಹದಿನೈದು ವರ್ಷದಿಂದ ಅಲ್ಲೇ ಇದ್ದ ಹಿರಿಯರಿಗೂ ಅದೇ.

ಮೂರನೇ ವಾರದಲ್ಲಿ ಎರಡು ಸಂಗತಿ ನಡೆದವು. ಹುಡುಗಿ ಹೊರರಾಜ್ಯದ ಬಿಲ್‌ಗಳಿಗೆ ಐಜಿಎಸ್‌ಟಿ ಅನ್ನುವ ಒಂದೇ ತೆರಿಗೆ ಹಾಕುವ ಬದಲು, ರಾಜ್ಯದ ಒಳಗಿನ ಬಿಲ್‌ಗಳ ಹಾಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಒಡೆದು ಹಾಕುತ್ತಲೇ ಬಂದಿದ್ದಳು. ಸಂಜೆಯ ಮೆಸೇಜ್‌ನಲ್ಲಿ 'ಇವತ್ತು 40 ಬಿಲ್ ಆಯ್ತು ಸರ್' ಅಂತ ಇರುತ್ತಿತ್ತು. ಹೇಗೆ ಮಾಡಿದಳು ಅನ್ನುವುದು ಅದರಲ್ಲಿ ಇರುತ್ತಿರಲಿಲ್ಲ. ನಾನೂ ಪಕ್ಕ ಕೂತು ನೋಡಿರಲಿಲ್ಲ. ಅದೇ ವಾರ ಆ ಹಿರಿಯರು ನನ್ನ ಮೇಜಿನ ಹತ್ತಿರ ಬಂದು ನಿಂತರು. 'ಯಾಕೆ ಸರ್, ನನ್ನ ಮೇಲೆ ನಂಬಿಕೆ ಇಲ್ವಾ?' ಅಂದರು. ಅದುವರೆಗೆ ಅವರು ನನ್ನನ್ನು 'ಬಾರಪ್ಪ', 'ಏನಪ್ಪಾ' ಅಂತಲೇ ಮಾತಾಡಿಸುತ್ತಿದ್ದವರು. ಆ 'ಸರ್' ಅನ್ನುವ ಮಾತು ನನಗೆ ಬಹಳ ದಿನ ಚುಚ್ಚಿತು.

ಒಬ್ಬರಿಗೆ ನಾನು ಸಾಕಾಗುತ್ತಿರಲಿಲ್ಲ, ಇನ್ನೊಬ್ಬರಿಗೆ ಜಾಸ್ತಿಯಾಗಿದ್ದೆ. ಯಾರಿಗೆ, ಯಾವ ಕೆಲಸದಲ್ಲಿ, ಎಷ್ಟು ಬೇಕು ಅಂತ ನೋಡಿ ತನ್ನ ರೀತಿಯನ್ನು ಬದಲಿಸಿಕೊಳ್ಳುವುದು ಹೇಗೆ? ಇದರ ಬಗ್ಗೆ ಸುಮಾರು ತೊಂಬತ್ತು ವರ್ಷಗಳಿಂದ ಯೋಚನೆ, ಪ್ರಯೋಗ, ವಾದ ಎಲ್ಲವೂ ನಡೆದಿವೆ. ಅದನ್ನು ಬುಡದಿಂದ ನೋಡೋಣ.

ಶೈಲಿ ಅಂದರೆ ಏನು?

ಲೀಡರ್‌ನ ಶೈಲಿ ಅಂದಾಗ ಜೋರು ದನಿ, ಮೆತ್ತನೆಯ ಮಾತು, ಗಂಭೀರ ಮುಖ ಇಂಥವು ನೆನಪಾಗುತ್ತವೆ. ಅವು ಸ್ವಭಾವ. ಶೈಲಿ ಅಂದರೆ ಬೇರೆಯವರ ಕೆಲಸದ ವಿಷಯದಲ್ಲಿ ನೀವು ನಡೆದುಕೊಳ್ಳುವ ರೀತಿ. ಅದರಲ್ಲಿ ಮುಖ್ಯವಾಗಿ ಎರಡು ಅಂಶ ಇವೆ.

ಮೊದಲನೆಯದು ಹೇಳಿಕೊಡುವುದು. ಏನು ಮಾಡಬೇಕು, ಹೇಗೆ, ಯಾವಾಗ, ಮುಗಿದಿದೆ ಅಂತ ಗೊತ್ತಾಗುವುದು ಹೇಗೆ ಅನ್ನುವುದನ್ನೆಲ್ಲ ಎಷ್ಟು ವಿವರವಾಗಿ ಹೇಳುತ್ತೀರಿ? ಎಷ್ಟು ಸಲ ತಿರುಗಿ ನೋಡುತ್ತೀರಿ? ಎರಡನೆಯದು ಜೊತೆಗಿರುವುದು. ಅವರ ಮಾತು ಎಷ್ಟು ಕೇಳುತ್ತೀರಿ, ಧೈರ್ಯ ಎಷ್ಟು ತುಂಬುತ್ತೀರಿ, ತೀರ್ಮಾನದಲ್ಲಿ ಅವರನ್ನು ಎಷ್ಟು ಸೇರಿಸಿಕೊಳ್ಳುತ್ತೀರಿ?

ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 1940ರ ದಶಕದ ಕೊನೆಯಿಂದ ಲೀಡರ್‌ಗಳ ನಡವಳಿಕೆಯನ್ನು ದೊಡ್ಡ ಮಟ್ಟದಲ್ಲಿ ಅಧ್ಯಯನ ಮಾಡಿದರು. ಅವರಿಗೆ ಎದ್ದು ಕಂಡದ್ದು ಈ ಎರಡೇ ಗುಣ. ಅದಕ್ಕಿಂತ ಮುಖ್ಯವಾಗಿ, ಈ ಎರಡೂ ಬೇರೆಬೇರೆ ಅಂತ ಅವರು ತೋರಿಸಿದರು. ಮನೆಯ ಗ್ಯಾಸ್ ಒಲೆ ನೆನಪಿಸಿಕೊಳ್ಳಿ. ಒಂದು ಬರ್ನರ್‌ನ ಉರಿ ಜಾಸ್ತಿ ಮಾಡಿದರೆ ಇನ್ನೊಂದರ ಉರಿ ತಾನಾಗಿ ಕಡಿಮೆಯಾಗುವುದಿಲ್ಲ. ಎರಡನ್ನೂ ಜಾಸ್ತಿ ಇಡಬಹುದು, ಎರಡನ್ನೂ ಸಣ್ಣಗೆ ಇಡಬಹುದು, ಒಂದನ್ನು ಮಾತ್ರ ಏರಿಸಬಹುದು. ವಿವರವಾಗಿ ಹೇಳಿಕೊಡುವವರು ಬಿರುಸಾಗಿಯೇ ಇರಬೇಕು ಅಂತಿಲ್ಲ. ಪ್ರೀತಿಯಿಂದ ಇರುವವರು ಕೆಲಸ ಸಡಿಲ ಬಿಡಬೇಕು ಅಂತಲೂ ಇಲ್ಲ. ಹೊಸ ಟೀಮ್ ಲೀಡ್‌ಗಳು ಎಡವುವುದು ಬಹಳ ಸಲ ಇಲ್ಲೇ. 'ಸ್ಟ್ರಿಕ್ಟ್ ಆಗಿರಲೋ, ಫ್ರೆಂಡ್ಲಿ ಆಗಿರಲೋ' ಅಂತ ಕೇಳಿಕೊಳ್ಳುತ್ತಾರೆ. ಒಲೆ ಎರಡಿರುವಾಗ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಐಯೋವಾದ ಹುಡುಗರು ತೋರಿಸಿದ್ದು

ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಜರ್ಮನಿಯಲ್ಲಿದ್ದ ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಅಮೆರಿಕಕ್ಕೆ ಹೋದರು. ಸರ್ವಾಧಿಕಾರ ಜನರನ್ನು ಏನು ಮಾಡುತ್ತದೆ ಅನ್ನುವ ಪ್ರಶ್ನೆ ಅವರ ಬದುಕಿನದೇ ಆಗಿತ್ತು. ಐಯೋವಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಜೊತೆ ಸೇರಿ ಅವರು ಮಾಡಿದ ಪ್ರಯೋಗದ ವರದಿ 1939ರಲ್ಲಿ ಪ್ರಕಟವಾಯಿತು.

ಹತ್ತು ವರ್ಷದ ಆಸುಪಾಸಿನ ಹುಡುಗರನ್ನು ಐದೈದು ಜನರ ಕ್ಲಬ್‌ಗಳಾಗಿ ಮಾಡಿದರು. ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಪ್ರತಿ ಕ್ಲಬ್‌ಗೆ ಒಬ್ಬ ದೊಡ್ಡವರು ಲೀಡರ್. ಕೆಲವು ವಾರಕ್ಕೊಮ್ಮೆ ಲೀಡರ್ ಮತ್ತು ಶೈಲಿ ಬದಲಾಗುತ್ತಿದ್ದವು. ಒಂದು ಶೈಲಿಯಲ್ಲಿ ಎಲ್ಲವನ್ನೂ ಲೀಡರ್ ಒಬ್ಬನೇ ತೀರ್ಮಾನಿಸುತ್ತಿದ್ದ. ಮುಂದಿನ ಹೆಜ್ಜೆ ಏನು ಅನ್ನುವುದೂ ಹುಡುಗರಿಗೆ ಗೊತ್ತಿರುತ್ತಿರಲಿಲ್ಲ. ಇನ್ನೊಂದರಲ್ಲಿ ಎಲ್ಲರೂ ಸೇರಿ ಚರ್ಚಿಸುತ್ತಿದ್ದರು, ಲೀಡರ್ ದಾರಿ ತೋರಿಸುತ್ತಿದ್ದ. ಮೂರನೆಯದರಲ್ಲಿ ಲೀಡರ್ ಸಾಮಾನು ಕೊಟ್ಟು ಸುಮ್ನೆ ನಿಲ್ಲುತ್ತಿದ್ದ.

ಅಪ್ಪಣೆಯ ಕ್ಲಬ್‌ನಲ್ಲಿ ಲೀಡರ್ ಕೋಣೆಯಲ್ಲಿ ಇರುವಷ್ಟು ಹೊತ್ತು ಕೆಲಸ ಚೆನ್ನಾಗಿ ನಡೆಯಿತು. ಅವನು ಹೊರಗೆ ಹೋದ ಕೂಡಲೇ ಕುಸಿಯಿತು. ಕೆಲವು ಕಡೆ ಹುಡುಗರು ಮಂಕಾದರು. ಕೆಲವು ಕಡೆ ತಮ್ಮಲ್ಲೇ ಒಬ್ಬನನ್ನು ಹಿಡಿದು ಸಿಟ್ಟು ತೀರಿಸಿಕೊಂಡರು. ಸೇರಿ ತೀರ್ಮಾನಿಸುವ ಕ್ಲಬ್‌ನಲ್ಲಿ ಲೀಡರ್ ಇಲ್ಲದಾಗಲೂ ಕೆಲಸ ಮುಂದುವರಿಯಿತು. ಸುಮ್ನೆ ಬಿಟ್ಟ ಕ್ಲಬ್‌ನಲ್ಲಿ ಕೆಲಸ ಎಲ್ಲಕ್ಕಿಂತ ಕಡಿಮೆ.

ಮಕ್ಕಳು ಅವರೇ, ಕೆಲಸ ಅದೇ. ದೊಡ್ಡವರ ನಡವಳಿಕೆ ಬದಲಾದಾಗ ಕೋಣೆಯ ಗಾಳಿಯೇ ಬದಲಾಯಿತು. 'ನನ್ನ ಟೀಮ್‌ನವರು ಸೋಮಾರಿಗಳು' ಅಂತ ಹೇಳುವ ಮೊದಲು ಈ ಪ್ರಯೋಗ ನೆನಪಾಗಬೇಕು.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವಿವರವಿದೆ. ಆ ಮೂರನೇ ಶೈಲಿ ಮೊದಲಿನ ಯೋಜನೆಯಲ್ಲಿ ಇರಲೇ ಇಲ್ಲ. ರಾಲ್ಫ್ ವೈಟ್ ಚರ್ಚೆಯ ಶೈಲಿಯ ಲೀಡರ್ ಆಗಲು ಹೋಗಿ, ಅಭ್ಯಾಸ ಸಾಲದೆ, ಎಲ್ಲವನ್ನೂ ಹುಡುಗರಿಗೇ ಬಿಟ್ಟುಬಿಟ್ಟರು. ಅದು ಬೇರೆಯೇ ಒಂದು ಶೈಲಿ ಅಂತ ಲೆವಿನ್ ಗುರುತಿಸಿ ಪ್ರಯೋಗದಲ್ಲಿ ಸೇರಿಸಿಕೊಂಡರು. ಸ್ವಾತಂತ್ರ್ಯ ಕೊಡುತ್ತಿದ್ದೇನೆ ಅಂದುಕೊಂಡು ಕೈಬಿಡುವುದು ಎಷ್ಟು ಸುಲಭ ಅಂತ ಇದರಿಂದ ಗೊತ್ತಾಗುತ್ತದೆ. ನಾನು ಆ ಹೊಸ ಹುಡುಗಿಗೆ ಮಾಡಿದ್ದೂ ಅದನ್ನೇ.

ಆಳು ನೋಡಿ, ಕೆಲಸ ನೋಡಿ

ಹಾಗಾದರೆ ಚರ್ಚೆಯ ಶೈಲಿಯೇ ಯಾವಾಗಲೂ ಸರಿಯೇ? ಆಮೇಲೆ ಬಂದವರು ಇಲ್ಲ ಅಂದರು. 1969ರಲ್ಲಿ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಎಂಬ ಇಬ್ಬರು ಮುಂದಿಟ್ಟ ವಿಚಾರ ಇವತ್ತಿಗೂ ಕಂಪನಿಗಳ ತರಬೇತಿಯಲ್ಲಿ ಕೇಳಿಬರುತ್ತದೆ. ಅದಕ್ಕೆ ಸಂದರ್ಭಕ್ಕೆ ತಕ್ಕ ನಾಯಕತ್ವ ಅನ್ನಬಹುದು. ಅವರು ಕೊಟ್ಟ ಹೋಲಿಕೆ ಮನೆಯದೇ. ಮಗು ಬೆಳೆದ ಹಾಗೆ ಅಪ್ಪ ಅಮ್ಮ ಅದನ್ನು ನೋಡಿಕೊಳ್ಳುವ ರೀತಿ ಬದಲಾಗುತ್ತದೆ. ಮೂರು ವರ್ಷದ ಮಗುವಿನ ಕೈ ಹಿಡಿದು ರಸ್ತೆ ದಾಟಿಸುತ್ತೇವೆ. ಹದಿನೆಂಟರ ಮಗನ ಕೈ ಹಿಡಿಯುವುದಿಲ್ಲ.

ಅವರ ಪ್ರಕಾರ ಎರಡು ವಿಷಯ ನೋಡಬೇಕು. ಈ ಕೆಲಸ ಈ ವ್ಯಕ್ತಿಗೆ ಎಷ್ಟು ಬರುತ್ತದೆ? ಮಾಡುವ ಮನಸ್ಸು ಮತ್ತು ಧೈರ್ಯ ಎಷ್ಟಿದೆ? ಇವೆರಡು ಸೇರಿ ನಾಲ್ಕು ಹಂತಗಳಾಗುತ್ತವೆ. ಸ್ಕೂಟರ್ ಕಲಿಯುವುದನ್ನು ಇಟ್ಟುಕೊಂಡು ನೋಡಿದರೆ ಬೇಗ ಅರ್ಥವಾಗುತ್ತದೆ.

ಮೊದಲ ದಿನ ಏನೂ ಬರುವುದಿಲ್ಲ, ಆದರೆ ಹುರುಪು ಬೇಕಾದಷ್ಟಿದೆ. ಆಗ ಬೇಕಿರುವುದು ನೇರವಾದ ಮಾತು. ಇದು ಬ್ರೇಕ್, ಇದು ಆಕ್ಸಿಲರೇಟರ್, ನಿಧಾನಕ್ಕೆ ತಿರುಗಿಸು. 'ನಿಂಗೆ ಏನನ್ಸುತ್ತೆ?' ಅಂತ ಕೇಳಿದರೆ ಕಲಿಯುವವರಿಗೆ ಗಾಬರಿಯಾಗುತ್ತದೆ.

ನಾಲ್ಕನೇ ದಿನ ಏರು ರಸ್ತೆಯಲ್ಲಿ ಗಾಡಿ ಹಿಂದಕ್ಕೆ ಬರುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮನೆಗೆ ಬಂದು 'ನನ್ನ ಕೈಲಿ ಆಗಲ್ಲ, ಬಸ್ಸಲ್ಲೇ ಹೋಗ್ತೀನಿ' ಅನ್ನುತ್ತಾರೆ. ಇದು ಎರಡನೇ ಹಂತ. ಸ್ವಲ್ಪ ಬರುತ್ತದೆ, ಆದರೆ ಹುರುಪು ಇಳಿದಿದೆ. ಬ್ಲಾಂಚರ್ಡ್ ಇವರನ್ನು ಭ್ರಮೆ ಕಳೆದ ಕಲಿಕೆಗಾರ ಅನ್ನುತ್ತಾರೆ. ಲೀಡರ್‌ಗಳು ಜಾಸ್ತಿ ತಪ್ಪು ಓದುವುದು ಇದೇ ಹಂತವನ್ನು ಅಂತ ನನ್ನ ಅನುಭವ. ಕೆಲಸಕ್ಕೆ ಸೇರಿದಾಗ ಮಿಂಚುತ್ತಿದ್ದ ಹುಡುಗ ಮೂರನೇ ತಿಂಗಳು ಸಪ್ಪಗಾಗುತ್ತಾನೆ. 'ಇವನಿಗೆ ಆಸಕ್ತಿ ಹೋಯ್ತು' ಅಂತ ಲೀಡರ್ ತೀರ್ಮಾನಿಸಿಬಿಡುತ್ತಾರೆ. ನಿಜಕ್ಕೂ ಅವನಿಗೆ ಕೆಲಸ ಎಷ್ಟು ಕಷ್ಟ ಅನ್ನುವುದು ಆಗಷ್ಟೇ ಗೊತ್ತಾಗಿರುತ್ತದೆ. ಇಲ್ಲಿ ಎರಡೂ ಒಲೆ ಜೋರಾಗಿ ಉರಿಯಬೇಕು. ಹೇಳಿಕೊಡುವುದು ನಿಲ್ಲಬಾರದು, ಜೊತೆಗೆ ಧೈರ್ಯವೂ ಬೇಕು. ಯಾಕೆ ಹೀಗೆ ಮಾಡಬೇಕು ಅನ್ನುವ ಕಾರಣ ಬಿಡಿಸಿ ಹೇಳಬೇಕಾದ ಸಮಯವೂ ಇದೇ. ಲೀಡರ್‌ನ ಗಂಟೆಗಳು ಹೆಚ್ಚು ಖರ್ಚಾಗುವುದು ಇಲ್ಲೇ. ಹಾಗಾಗಿಯೇ ಇದನ್ನು ಹಾರಿಸುವ ಆಸೆಯೂ ಆಗುತ್ತದೆ.

ಎರಡು ತಿಂಗಳ ಮೇಲೆ ಗಾಡಿ ಚೆನ್ನಾಗಿ ಬರುತ್ತದೆ. ಆದರೂ ಹೈವೇಗೆ ಹೋಗಲು ಹಿಂಜರಿಕೆ. 'ನೀವೂ ಹಿಂದೆ ಕೂತ್ಕೊಳ್ಳಿ' ಅನ್ನುತ್ತಾರೆ. ಈಗ ಬ್ರೇಕ್ ಎಲ್ಲಿದೆ ಅಂತ ಹೇಳಿದರೆ ಅವಮಾನ. ಸುಮ್ನೆ ಹಿಂದೆ ಕೂತರೆ ಸಾಕು. ಆಫೀಸಿನಲ್ಲಾದರೆ 'ನೀವು ಹೇಗೆ ಮಾಡಬೇಕು ಅಂದುಕೊಂಡಿದ್ದೀರಿ?' ಅಂತ ಕೇಳಿ, ಅವರ ಉತ್ತರಕ್ಕೆ 'ಸರಿಯಾಗಿದೆ, ಮುಂದುವರಿಸಿ' ಅನ್ನುವುದು. ಕೊನೆಗೆ ಒಂದು ದಿನ ಅವರೇ ಕೀ ತೆಗೆದುಕೊಂಡು ಹೊರಡುತ್ತಾರೆ. ಆಗ ನೀವು ಬದಿಗೆ ಸರಿಯಬೇಕು.

ಹಂತ ಅಂಟಿಕೊಳ್ಳುವುದು ಕೆಲಸಕ್ಕೆ, ವ್ಯಕ್ತಿಗೆ ಅಲ್ಲ. ಇದನ್ನು ಮರೆತರೆ ಈ ಇಡೀ ವಿಚಾರವೇ ಕೆಡುತ್ತದೆ. ಸ್ಕೂಟರ್‌ನಲ್ಲಿ ನಾಲ್ಕನೇ ಹಂತದಲ್ಲಿರುವವರು ಕಾರಿನಲ್ಲಿ ಮೊದಲ ಹಂತದಲ್ಲಿರಬಹುದು. ಲೆಕ್ಕದಲ್ಲಿ ಪಳಗಿದವರು ಗ್ರಾಹಕರ ಜೊತೆ ಫೋನ್‌ನಲ್ಲಿ ಮಾತಾಡುವುದರಲ್ಲಿ ಹೊಸಬರಾಗಿರಬಹುದು. 'ಇವರು ಸೀನಿಯರ್', 'ಇವಳು ಫ್ರೆಶರ್' ಅಂತ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಅಂಟಿಸಿದರೆ ಮತ್ತೆ ಹಳೇ ತಪ್ಪಿಗೇ ಬಂದ ಹಾಗೆ.

ಈ ವಿಚಾರಕ್ಕೆ ಮಿತಿಯೂ ಇದೆ. ತರಬೇತಿಯಲ್ಲಿ ಇದು ಎಷ್ಟು ಜನಪ್ರಿಯವೋ ಸಂಶೋಧನೆಯಲ್ಲಿ ಅಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ರಾಬರ್ಟ್ ವೆಕ್ಕಿಯೊ ಅವರು 1987ರಲ್ಲಿ ಹೈಸ್ಕೂಲ್ ಶಿಕ್ಷಕರ ನಡುವೆ ಇದನ್ನು ಪರೀಕ್ಷಿಸಿದರು. ಹೊಸದಾಗಿ ಸೇರಿದವರಿಗೆ ಜಾಸ್ತಿ ಹೇಳಿಕೊಡಬೇಕು ಅನ್ನುವ ಭಾಗ ಸರಿಯಾಗಿ ಹೊಂದಿತು. ಅನುಭವಿಗಳ ವಿಷಯದಲ್ಲಿ ಅಷ್ಟು ಚೆನ್ನಾಗಿ ಹೊಂದಲಿಲ್ಲ. ಹಾಗಾಗಿ ನಾಲ್ಕು ಹಂತಗಳನ್ನು ಪಂಚಾಂಗದ ಥರ ನೋಡಬೇಕಿಲ್ಲ. ಎದುರಿಗಿರುವವರನ್ನು ಗಮನಿಸಲು ಅದೊಂದು ಕನ್ನಡಕ, ಅಷ್ಟೇ.

'ನೀವೇ ಹೇಳಿ ಸರ್'

ಪಶ್ಚಿಮದ ಪುಸ್ತಕ ಓದಿಕೊಂಡು ಬಂದ ಹೊಸ ಲೀಡರ್ ಮೊದಲ ಮೀಟಿಂಗ್‌ನಲ್ಲೇ ಕೇಳುತ್ತಾರೆ: 'ಈ ಕೆಲಸ ಹೇಗೆ ಮಾಡೋಣ, ನಿಮ್ಮ ಅಭಿಪ್ರಾಯ ಹೇಳಿ.' ಎಲ್ಲರೂ ಮೇಜು ನೋಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಅನ್ನುತ್ತಾರೆ: 'ನೀವೇ ಹೇಳಿ ಸರ್, ಹಾಗೇ ಮಾಡ್ತೀವಿ.' ನಮ್ಮ ಕಡೆ ಕೆಲಸ ಮಾಡಿದ ಎಲ್ಲರಿಗೂ ಇದು ಗೊತ್ತಿರುವ ದೃಶ್ಯ, ಅಲ್ವಾ?

ಪಟ್ನಾದ ಮನಶ್ಶಾಸ್ತ್ರಜ್ಞ ಜೈ ಬಿ.ಪಿ. ಸಿನ್ಹಾ ಇದನ್ನೇ ಹಿಡಿದು ವರ್ಷಗಟ್ಟಲೆ ಅಧ್ಯಯನ ಮಾಡಿದರು. 1980ರಲ್ಲಿ ಅವರು ವಿವರವಾಗಿ ಮಂಡಿಸಿದ ವಿಚಾರವನ್ನು ಪೋಷಿಸುತ್ತಾ ಕೆಲಸ ಮಾಡಿಸುವ ನಾಯಕ ಅಂತ ಕನ್ನಡದಲ್ಲಿ ಹೇಳಬಹುದು. ಭಾರತದ ಅನೇಕ ಕೆಲಸದ ಜಾಗಗಳಲ್ಲಿ ಜನ ಮೇಲಿನವರ ಮೇಲೆ ಒರಗಲು ಬಯಸುತ್ತಾರೆ. ಬರೀ ಕೆಲಸದ ಸಂಬಂಧಕ್ಕಿಂತ ಸ್ವಂತದ ನಂಟನ್ನು ಇಷ್ಟಪಡುತ್ತಾರೆ. ಮೇಲೆ ಕೆಳಗೆ ಅನ್ನುವ ಶ್ರೇಣಿಯನ್ನು ಒಪ್ಪಿಕೊಂಡಿರುತ್ತಾರೆ. ಇಂಥ ಕಡೆ ಮೊದಲ ದಿನವೇ 'ನೀವೇ ತೀರ್ಮಾನಿಸಿ' ಅಂದರೆ ಜನ ಅದನ್ನು ಲೀಡರ್‌ನ ಕೈಲಾಗದತನ ಅಂದುಕೊಳ್ಳಬಹುದು. ಹಾಗಂತ ಬರೀ ಅಪ್ಪಣೆ ಕೊಡುತ್ತಾ ಹೋದರೆ ಅವರು ಬೆಳೆಯುವುದೇ ಇಲ್ಲ.

ಸಿನ್ಹಾ ಹೇಳಿದ ದಾರಿ ಹೀಗಿದೆ. ಶುರುವಿನಲ್ಲಿ ಕೆಲಸದ ವಿಷಯದಲ್ಲಿ ಸ್ಪಷ್ಟವಾಗಿ, ಬಿಗಿಯಾಗಿ ಇರಿ. ಅದೇ ಹೊತ್ತಿಗೆ ಅವರ ಬಗ್ಗೆ ನಿಜವಾದ ಕಾಳಜಿ ತೋರಿಸಿ. ಅವರು ಕೆಲಸದಲ್ಲಿ ಪಳಗುತ್ತಾ ಬಂದ ಹಾಗೆ, ಮೆಲ್ಲಗೆ ತೀರ್ಮಾನಗಳನ್ನು ಅವರ ಕೈಗೆ ದಾಟಿಸಿ. ಕೊನೆಗೆ ಎಲ್ಲರೂ ಸೇರಿ ತೀರ್ಮಾನಿಸುವ ಹಂತಕ್ಕೆ ಬನ್ನಿ. ಕಾಳಜಿ ಮೊದಲಿನಿಂದಲೂ ಇರುತ್ತದೆ. ಬಿಗಿ ಮಾತ್ರ ಸಡಿಲವಾಗುತ್ತಾ ಹೋಗುತ್ತದೆ.

ಈ ವಿಚಾರಕ್ಕೆ ತರಬೇತಿ ತರಗತಿಗಳಲ್ಲಿ ಇನ್ನೂ ಜಾಸ್ತಿ ಜಾಗ ಸಿಗಬೇಕಿತ್ತು ಅಂತ ನನಗೆ ಅನಿಸುತ್ತದೆ. 'ನೀವೇ ಹೇಳಿ ಸರ್' ಅನ್ನುವುದನ್ನು ದಡ್ಡತನ ಅಂತ ತಳ್ಳಿಹಾಕದೆ, ಅಲ್ಲಿಂದಲೇ ಶುರುಮಾಡುವುದು ಹೇಗೆ ಅಂತ ಇದು ತೋರಿಸುತ್ತದೆ. ಸಣ್ಣದಾಗಿ ಶುರು ಮಾಡಬಹುದು. 'ಏನು ಮಾಡೋಣ' ಅನ್ನುವ ದೊಡ್ಡ ಪ್ರಶ್ನೆಯ ಬದಲು 'ಹೀಗೆ ಎರಡು ದಾರಿ ಇದೆ, ನಿಮಗೆ ಯಾವುದು ಸುಲಭ?' ಅಂತ ಕೇಳಿದರೆ ಬಾಯಿ ಬಿಡುತ್ತಾರೆ. ಮೀಟಿಂಗ್‌ನಲ್ಲಿ ಮಾತಾಡದವರು ಕ್ಯಾಂಟೀನ್‌ನಲ್ಲಿ ಟೀ ಕುಡಿಯುವಾಗ ಮಾತಾಡುತ್ತಾರೆ.

ತುರ್ತಿನಲ್ಲಿ ಅಪ್ಪಣೆಯೇ ಸರಿಯೇ?

ಬೆಂಕಿ ಬಿದ್ದಾಗ ಮೀಟಿಂಗ್ ಕರೆಯಲು ಆಗುತ್ತದಾ ಅಂತ ಕೇಳುತ್ತಾರೆ. ನಿಜ, ಆಗ 'ಎಲ್ಲರೂ ಮೆಟ್ಟಿಲಿಂದ ಇಳಿಯಿರಿ' ಅನ್ನುವ ಒಂದೇ ದನಿ ಬೇಕು. ಏನು ಮಾಡಬೇಕು ಅನ್ನುವುದು ಮೊದಲೇ ಗೊತ್ತಿರುವ ತುರ್ತು ಅದು. ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲದ ತುರ್ತು ಬಂದರೆ?

ವಿಮಾನಯಾನ ಇದನ್ನು ಸಾವುಗಳಿಂದ ಕಲಿತಿದೆ. 1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಬಿತ್ತು. ಚಕ್ರದ ಒಂದು ತೊಂದರೆಯಲ್ಲಿ ಕ್ಯಾಪ್ಟನ್ ಮುಳುಗಿಹೋಗಿದ್ದರು. ಇಂಧನ ಮುಗಿಯುತ್ತಿದೆ ಅಂತ ಜೊತೆಯ ಸಿಬ್ಬಂದಿ ಸೂಚಿಸಿದರೂ ಗಟ್ಟಿಯಾಗಿ ಹೇಳಿ ತಡೆಯಲಿಲ್ಲ. ಇಂಧನ ಖಾಲಿಯಾಗಿ ವಿಮಾನ ಬಿದ್ದು 10 ಜನ ಸತ್ತರು. ಕ್ಯಾಪ್ಟನ್ ಮಾತೇ ಕೊನೆ ಮಾತು ಅನ್ನುವ ಪದ್ಧತಿಯನ್ನು ಬದಲಿಸಬೇಕು ಅಂತ ಆಮೇಲೆ ಒಂದು ತರಬೇತಿ ಶುರುವಾಯಿತು. ಕಿರಿಯರು ಸ್ಪಷ್ಟವಾಗಿ ಹೇಳುವುದು, ಕ್ಯಾಪ್ಟನ್ ಕೇಳಿಸಿಕೊಳ್ಳುವುದು, ಎರಡನ್ನೂ ಅದರಲ್ಲಿ ಕಲಿಸುತ್ತಿದ್ದರು.

1989ರ ಜುಲೈ 19ರಂದು ಅದೇ ಕಂಪನಿಯ 232ನೇ ವಿಮಾನ ಡೆನ್ವರ್‌ನಿಂದ ಶಿಕಾಗೋಗೆ ಹೊರಟಿತ್ತು. ಒಳಗೆ 296 ಜನ. ಬಾಲದ ಎಂಜಿನ್ ಒಡೆದು, ವಿಮಾನವನ್ನು ತಿರುಗಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಹೋದವು. ಹೀಗಾದರೆ ಏನು ಮಾಡಬೇಕು ಅಂತ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ತಮ್ಮ ಜೊತೆಯವರ ಮಾತು ಕೇಳಿದರು. ಪ್ರಯಾಣಿಕರ ನಡುವೆ ಅದೇ ಕಂಪನಿಯ ತರಬೇತಿ ಪೈಲಟ್ ಡೆನ್ನಿಸ್ ಫಿಚ್ ಇದ್ದರು. ನೆರವಾಗಲೇ ಅಂತ ಅವರು ಕೇಳಿದಾಗ ಹೇನ್ಸ್ ಒಳಗೆ ಕರೆಸಿಕೊಂಡು ಉಳಿದ ಎರಡು ಎಂಜಿನ್‌ಗಳ ಹಿಡಿಯನ್ನೇ ಅವರ ಕೈಗೆ ಕೊಟ್ಟರು. ಎಂಜಿನ್‌ಗಳ ವೇಗವನ್ನು ಏರಿಳಿಸುತ್ತಾ ಸುಮಾರು 44 ನಿಮಿಷ ಹಾರಿಸಿ, ಐಯೋವಾದ ಸೂ ಸಿಟಿಯಲ್ಲಿ ನೆಲ ಮುಟ್ಟಿಸಿದರು. ವಿಮಾನ ಒಡೆದು ಉರಿಯಿತು. 112 ಜನ ಸತ್ತರು. 184 ಜನ ಬದುಕಿದರು. ಎಲ್ಲರೂ ಸೇರಿ ಯೋಚಿಸುವ ಆ ತರಬೇತಿಯೇ ತಮ್ಮನ್ನು ಉಳಿಸಿತು ಅಂತ ಹೇನ್ಸ್ ಆಮೇಲೆ ವರ್ಷಗಟ್ಟಲೆ ಊರೂರಿಗೆ ಹೋಗಿ ಹೇಳಿದರು.

ತುರ್ತು ಅಂದ ಕೂಡಲೇ ಅಪ್ಪಣೆ ಅಂತ ತೀರ್ಮಾನಿಸಬಾರದು ಅಂತ ಇದರಿಂದ ಕಾಣುತ್ತದೆ. ಉತ್ತರ ಗೊತ್ತಿದ್ದು ಸಮಯ ಇಲ್ಲದಿದ್ದರೆ ಅಪ್ಪಣೆ. ಉತ್ತರವೇ ಗೊತ್ತಿಲ್ಲದಿದ್ದರೆ, ಸಮಯ ಎಷ್ಟೇ ಕಡಿಮೆ ಇದ್ದರೂ, ಗೊತ್ತಿರಬಹುದಾದವರ ಬಾಯಿ ತೆರೆಸಬೇಕು.

ಒಂದೇ ರಾತ್ರಿಯಲ್ಲಿ ಬದಲಾಗುವ ಭಾಗವತರು

ಹೀಗೆ ಗಳಿಗೆಗೊಂದು ಹದ ಬದಲಿಸುವವರನ್ನು ನೋಡಬೇಕಾದರೆ ಯಕ್ಷಗಾನದ ಭಾಗವತರನ್ನು ನೋಡಬಹುದು. ಭಾಗವತರೇ ಮೊದಲ ವೇಷ ಅನ್ನುವ ಮಾತಿದೆ. ರಂಗ ನಡೆಯುವುದು ಅವರ ಕೈಯಲ್ಲಿ. ಮಾತುಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವುದಲ್ಲ, ಭಾಗವತರು ಹಾಡುವ ಪದದ ಮೇಲೆ ಅಲ್ಲೇ ಕಟ್ಟಿ ಆಡುವುದು. ಹಾಗಾಗಿ ಯಾರಿಗೆ ಎಷ್ಟು ಬಿಡಬೇಕು ಅನ್ನುವುದು ಆ ಕ್ಷಣದಲ್ಲೇ ತೀರ್ಮಾನವಾಗಬೇಕು.

ಹೊಸ ಹುಡುಗ ವೇಷ ಕಟ್ಟಿದ್ದರೆ ವೇಷ ಕಟ್ಟುವ ಚೌಕಿಯಲ್ಲೇ ಪ್ರಸಂಗದ ನಡೆ ಹೇಳಿರುತ್ತಾರೆ. ಯಾವ ಪದ ಬರುತ್ತದೆ, ಅರ್ಥ ಎಷ್ಟು ಹೇಳಬೇಕು, ಯಾವಾಗ ನಿಲ್ಲಿಸಬೇಕು. ರಂಗಸ್ಥಳದಲ್ಲಿ ಅವನು ತಡವರಿಸಿದರೆ ಭಾಗವತರೇ ಒಂದು ಪ್ರಶ್ನೆ ಕೇಳಿ ಮಾತಿಗೆ ದಾರಿ ಮಾಡುತ್ತಾರೆ. ಇಲ್ಲವೇ ಮುಂದಿನ ಪದ ಎತ್ತಿಕೊಂಡು ಕಾಪಾಡುತ್ತಾರೆ. ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಅದೇ ರಾತ್ರಿ ಪಳಗಿದ ಕಲಾವಿದ ಬಂದರೆ ಭಾಗವತರು ಪದ ಹೇಳಿ ಜಾಗ ಬಿಡುತ್ತಾರೆ. ಅವರ ಮಾತು ಏರಿದರೆ ಕಾಯುತ್ತಾರೆ. ಕಾಲಮಿತಿಯ ಆಟದಲ್ಲಿ ಹೊತ್ತು ಮೀರುತ್ತಿದ್ದರೆ, ಎಷ್ಟು ದೊಡ್ಡ ಕಲಾವಿದರಾದರೂ ಸರಿ, ಮುಂದಿನ ಪದ ಶುರುವಾಗುತ್ತದೆ. ಅದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಆಟ ಎಲ್ಲರದು ಅಂತ ಎಲ್ಲರಿಗೂ ಗೊತ್ತಿದೆ.

ಇದು ಪಕ್ಷಪಾತ ಆಗುವುದಿಲ್ಲವೇ?

ಒಬ್ಬರನ್ನು ದಿನಾ ನೋಡುವುದು, ಇನ್ನೊಬ್ಬರನ್ನು ವಾರಕ್ಕೊಮ್ಮೆ ನೋಡುವುದು ಅಂದರೆ ಟೀಮ್‌ನಲ್ಲಿ ಗುಸುಗುಸು ಶುರುವಾಗುತ್ತದೆ. ಇದು ನಿಜವಾದ ಭಯ. ಮನೆಯಲ್ಲಿ ಜ್ವರ ಬಂದ ಮಗುವಿಗೆ ಗಂಜಿ, ಇನ್ನೊಂದು ಮಗುವಿಗೆ ಮುದ್ದೆ ಸಾರು ಬಡಿಸುತ್ತೇವೆ. ಅದನ್ನು ಯಾರೂ ಭೇದ ಅನ್ನುವುದಿಲ್ಲ, ಯಾಕೆಂದರೆ ಜ್ವರ ಬಂದಿರುವುದು ಎಲ್ಲರಿಗೂ ಗೊತ್ತು. ಆಫೀಸಿನಲ್ಲಿ ಕಾರಣ ಯಾರಿಗೂ ಕಾಣುವುದಿಲ್ಲ. ಲೀಡರ್ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಬದಲಾಗಬಾರದ ಸಂಗತಿಗಳೂ ಇವೆ. ರಜೆಯ ನಿಯಮ, ಮರ್ಯಾದೆ, ತಪ್ಪಿಗೆ ಆಗುವ ಪರಿಣಾಮ, ಕೆಲಸ ಎಷ್ಟು ಚೆನ್ನಾಗಿರಬೇಕು ಅನ್ನುವ ಅಳತೆ ಇವೆಲ್ಲ ಎಲ್ಲರಿಗೂ ಒಂದೇ. ಬದಲಾಗುವುದು ಆ ಅಳತೆಗೆ ತಲುಪಲು ಕೊಡುವ ನೆರವು. ಇವೆರಡನ್ನು ಕಲಸಿದರೆ ಅದು ಪಕ್ಷಪಾತವೇ ಆಗುತ್ತದೆ. ವಯಸ್ಸು, ಜಾತಿ, ಹೆಣ್ಣು ಗಂಡು ಅನ್ನುವುದನ್ನು ನೋಡಿ 'ಇವರಿಗೆ ಇಷ್ಟು ಸಾಕು' ಅಂತ ಅಂದಾಜು ಮಾಡಿದರೂ ಅಷ್ಟೇ.

ಸ್ವಭಾವ ಬದಲಿಸಿಕೊಳ್ಳಲು ಆಗುತ್ತದಾ ಅಂತ ಇನ್ನೊಂದು ಪ್ರಶ್ನೆ. ಮನಶ್ಶಾಸ್ತ್ರಜ್ಞ ಫ್ರೆಡ್ ಫೀಡ್ಲರ್ ಕಷ್ಟ ಅಂದರು. ಲೀಡರ್‌ನ ಶೈಲಿ ಬೇಗ ಬದಲಾಗುವಂಥದ್ದಲ್ಲ, ಆದ್ದರಿಂದ ಅವರಿಗೆ ಹೊಂದುವ ಸಂದರ್ಭ ಕೊಡುವುದು ಅಥವಾ ಸಂದರ್ಭವನ್ನೇ ತಿದ್ದುವುದು ಮೇಲು ಅನ್ನುವುದು 1960ರ ದಶಕದಲ್ಲಿ ಅವರು ಕಟ್ಟಿದ ವಿಚಾರದ ತಿರುಳು. ಇದರಲ್ಲಿ ಸತ್ಯವಿದೆ. ಮೌನಿಯೊಬ್ಬರು ರಾತ್ರೋರಾತ್ರಿ ಮಾತುಗಾರ ಆಗುವುದಿಲ್ಲ. ಆದರೆ ಮೌನಿಯೂ ದಿನಕ್ಕೆ ಹದಿನೈದು ನಿಮಿಷ ಹೊಸಬರ ಪಕ್ಕ ಕೂರಬಹುದು. ಮಾತಾಡಿ ಹೇಳಲು ಕಷ್ಟವಾದರೆ ಹಂತಗಳನ್ನು ಬರೆದು ಕೊಡಬಹುದು. ಕಲಿಯಬೇಕಾದದ್ದು ಇಂಥ ಚಿಕ್ಕ ನಡವಳಿಕೆಗಳನ್ನು. ನಿಮಗೆ ತೀರಾ ಬಾರದ್ದನ್ನು ಟೀಮ್‌ನಲ್ಲಿ ಇನ್ನೊಬ್ಬರು ಚೆನ್ನಾಗಿ ಮಾಡುತ್ತಿದ್ದರೆ ಅವರಿಗೆ ಒಪ್ಪಿಸುವುದೂ ಒಂದು ದಾರಿ.

ಎಲ್ಲಿಂದ ಶುರು ಮಾಡುವುದು?

ನಾನು ಶುರು ಮಾಡಿದ್ದು ಒಂದು ಹಾಳೆಯಿಂದ. ಎಡಗಡೆ ಐದು ಜನರ ಹೆಸರು, ಮೇಲೆ ನಾವು ಮಾಡುವ ಮುಖ್ಯ ಕೆಲಸಗಳು: ಬಿಲ್ ನಮೂದು, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಲೆಕ್ಕ ತಾಳೆ, ಸಾಲಗಾರರಿಗೆ ಫೋನ್. ಪ್ರತಿ ಮನೆಯಲ್ಲೂ ಎರಡು ಗುರುತು. ಕೆಲಸ ಬರುತ್ತದಾ? ಧೈರ್ಯ ಇದೆಯಾ? ಹತ್ತು ನಿಮಿಷದಲ್ಲಿ ಮುಗಿಯಬಹುದು ಅಂದುಕೊಂಡಿದ್ದೆ. ಅರ್ಧದಷ್ಟು ಮನೆಗಳಿಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ದಿನಾ ಪಕ್ಕದಲ್ಲೇ ಇದ್ದವರು ಅವರು.

ಆಮೇಲೆ ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ ಕೂತು ಅವರನ್ನೇ ಕೇಳಿದೆ. 'ಈ ಕೆಲಸದಲ್ಲಿ ನಾನು ಎಷ್ಟು ಹತ್ತಿರ ಇರಬೇಕು?' ಇದು ಬಹಳ ಸರಳವಾದ ಪ್ರಶ್ನೆ, ಆದರೆ ಇದೊಂದೇ ಅರ್ಧ ಕೆಲಸ ಮಾಡಿತು. ಹೊಸ ಹುಡುಗಿ ತಡವರಿಸುತ್ತಾ, ಮೊದಲ ಹತ್ತು ಬಿಲ್ ಒಟ್ಟಿಗೆ ಮಾಡಿದರೆ ಒಳ್ಳೇದು ಸರ್ ಅಂದಳು. ಎರಡು ತಿಂಗಳಿಂದ ಅವಳು ಕೇಳಲು ಹೆದರಿದ್ದ ಮಾತು ಅದು. ಒಂದು ವಾರ ದಿನಾ ಬೆಳಗ್ಗೆ ಅರ್ಧ ಗಂಟೆ ಜೊತೆಗೆ ಕೂತೆ. ಎರಡನೇ ವಾರ ಅವಳೇ ಮಾಡಿದಳು, ನಾನು ನೋಡಿದೆ. ಮೂರನೇ ವಾರದಿಂದ ಹೊರರಾಜ್ಯದ ಬಿಲ್‌ಗಳನ್ನು ಮಾತ್ರ ನೋಡುತ್ತಿದ್ದೆ. ಕೈಬಿಡುವುದು ಹೀಗೆ ಸ್ವಲ್ಪ ಸ್ವಲ್ಪವಾಗಿ ಆದರೆ ಬೀಳುವುದಿಲ್ಲ. ಮತ್ತು ಕೈಬಿಡುವ ದಿನ ಯಾವುದು ಅಂತ ಅವರಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ 'ಸರ್‌ಗೆ ನನ್ನ ಮೇಲೆ ಬೇಜಾರಾಗಿದೆ, ಅದಕ್ಕೇ ಬರ್ತಿಲ್ಲ' ಅಂದುಕೊಳ್ಳುತ್ತಾರೆ.

ಹಿರಿಯರ ಹತ್ತಿರ ಹೋಗಿ ಸಂಜೆಯ ಮೆಸೇಜ್ ನಿಮಗೆ ಬೇಡ, ಅದು ನನ್ನ ತಪ್ಪು ಅಂದೆ. ತಿಂಗಳ ಕೊನೆಗೆ ಲೆಕ್ಕ ತಾಳೆಯಾದರೆ ಸಾಕು, ನಡುವೆ ಏನಾದರೂ ಅಡ್ಡ ಬಂದರೆ ನೀವೇ ಕರೆಯಿರಿ ಅಂತ ಮಾತಾಯಿತು. ಉಳಿದವರಿಗೂ ಇದನ್ನು ಎಲ್ಲರೆದುರು ಹೇಳಿದೆ. ಯಾರಿಗೆ ಯಾಕೆ ಏನು ಬದಲಾಗಿದೆ, ಮುಂದೆ ನಿಮಗೂ ಹೇಗೆ ಬದಲಾಗುತ್ತದೆ ಅಂತ. ಆಮೇಲೆ ಆ ಗುಸುಗುಸು ನನ್ನ ಕಿವಿಗೆ ಬೀಳಲಿಲ್ಲ.

ಅದಾಗಿ ಏಳೆಂಟು ತಿಂಗಳ ಮೇಲೆ ನಮ್ಮ ಆಫೀಸಿಗೆ ಹೊಸ ಸಾಫ್ಟ್‌ವೇರ್ ಬಂತು. ಹಳೆಯದರಲ್ಲಿ ಕಣ್ಣು ಮುಚ್ಚಿ ಕೆಲಸ ಮಾಡುತ್ತಿದ್ದ ಆ ಹಿರಿಯರು ಮೊದಲ ದಿನ ಮಧ್ಯಾಹ್ನದವರೆಗೂ ಒಂದೇ ಪುಟ ನೋಡುತ್ತಾ ಕೂತಿದ್ದರು. ನಾನು ಹೋಗಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಊಟ ಮುಗಿಸಿ ಬಂದವರು ತಮ್ಮ ಪಕ್ಕಕ್ಕೆ ಒಂದು ಕುರ್ಚಿ ಎಳೆದು ಹಾಕಿದರು. 'ಬಾರಪ್ಪ, ಇದರಲ್ಲಿ ನಾನೂ ಹೊಸಬನೇ. ಎರಡು ದಿನ ಇಲ್ಲೇ ಕೂತ್ಕೋ' ಅಂದರು.